5 ಕೋಟಿ ಕೊಟ್ಟು 5 ಲಕ್ಷ ತಂದವರು

ಬೆಂಗಳೂರಿನ ಆರತಕ್ಷತೆಗಳಲ್ಲಿ ಪನ್ನೀರು, ಕಲ್ಲುಸಕ್ಕರೆಯ ಪಕ್ಕಕ್ಕೆ ಈಗ ಇನ್ನೊಂದು ಮೇಜು ಬಂದಿದೆ. ಅದರ ಮೇಲೆ ತೆಗೆದ ಫೋಟೋವನ್ನು ಅಲ್ಲೇ ಕಾರ್ಡಾಗಿ ಹೊರಹಾಕುವ ಇನ್‌ಸ್ಟಾಕ್ಸ್ ಮಿನಿ ಕ್ಯಾಮೆರಾ, ದಪ್ಪ ಆಲ್ಬಂ, ಅಂಟುಪಟ್ಟಿ. ಫೋಟೋ ತೆಗೆಸಿ, ಅಂಟಿಸಿ, ಹಾರೈಕೆ ಬರೆದರೆ ಮಾತ್ರ ಊಟದ ದಾರಿ. ಫೋಟೋಗಾಗಿ ಕಾಯುವ ಕಷ್ಟ ತಪ್ಪಲೆಂದು 1948ರಲ್ಲಿ ಪೋಲರಾಯ್ಡ್ ಕಂಪನಿ ಮಾರುಕಟ್ಟೆಗೆ ತಂದ ಯಂತ್ರದ ವಂಶದ ಕುಡಿ ಇದು. ಈಗ ಜನ ಕಾಯುವ ಸುಖಕ್ಕೆಂದೇ ಇದನ್ನು ಕೊಳ್ಳುತ್ತಾರೆ.

ಫಿಲ್ಮಿನ ಪೊಟ್ಟಣಕ್ಕೆ 10 ಹಾಳೆ. ಮೊದಲು ಹೊರಬರುವ ಕಪ್ಪು ಹಾಳೆ ಬರೀ ಮುಚ್ಚಳ. ಅದರಲ್ಲೂ ವಧೂವರರು ಮೂಡಲೆಂದು ದಿಟ್ಟಿಸುವವರಿದ್ದಾರೆ. ‘ಇನ್ನೆಷ್ಟು ಉಳಿದಿದೆ?’ ಎಂದು ಸೋದರಮಾವ ಕ್ಯಾಮೆರಾದ ಹಿಂಬಾಗಿಲು ತೆರೆದರೋ, ಬೆಳಕು ತಗುಲಿದ ಹಾಳೆಗಳು ಬೆಳ್ಳಗೆ ಬಿಳಿಚಿದವು. ಫ್ಲ್ಯಾಶ್ ಮುಟ್ಟುವುದು ಎರಡು-ಮೂರು ಮೀಟರ್ ಅಷ್ಟೆ. ಹತ್ತಿರ ನಿಂತರೆ ರೇಷ್ಮೆ ಪಂಚೆ ಸುಣ್ಣದ ಗೋಡೆ, ದೂರ ನಿಂತರೆ ಇಡೀ ಬಳಗ ಅಮಾವಾಸ್ಯೆ. ಬಂದ ಕಾರ್ಡನ್ನು ಬೀಸಣಿಗೆಯಂತೆ ಅಲ್ಲಾಡಿಸುವುದಂತೂ ಶಾಸ್ತ್ರವೇ ಆಗಿದೆ. ಒಣಗಿಸಲು ಅಲ್ಲಿ ಹಸಿಯಾದದ್ದು ಏನೂ ಹೊರಗಿಲ್ಲ. ಕ್ಯಾಮೆರಾದೊಳಗಿನ ಉರುಳೆಗಳು ಕಾರ್ಡಿನ ಅಂಚಿನ ಪುಟ್ಟ ಚೀಲವನ್ನು ಒತ್ತಿ ರಾಸಾಯನಿಕವನ್ನು ಪದರಗಳ ನಡುವೆ ಸವರಿರುತ್ತವೆ. ಮಡಚಿದರೆ ಗೀರು ಖಚಿತ. 90 ಸೆಕೆಂಡು ಮೇಜಿನ ಮೇಲಿಟ್ಟರೆ ಸಾಕಿತ್ತು.

ಇಷ್ಟು ರಗಳೆ ಬೇಡ ಎನ್ನುವ ಜಾಣರಿಗೆ ಇನ್‌ಸ್ಟಾಕ್ಸ್ ಲಿಂಕ್ ಪ್ರಿಂಟರ್ ಇದೆ. ಫೋನಿನಲ್ಲಿ 5 ಕೋಟಿ ಪಿಕ್ಸೆಲ್‌ಗಳ ಚಿತ್ರ ತೆಗೆಯಿರಿ. ಹಳೆಯದಾಗಿ ಕಾಣಲು ಫಿಲ್ಟರ್ ಹಾಕಿ. ಮಿನಿ ಪ್ರಿಂಟರ್ ಅದನ್ನು 600×800 ಚುಕ್ಕಿಗೆ, ಅಂದರೆ 4.8 ಲಕ್ಷಕ್ಕೆ ಇಳಿಸಿ ಫಿಲ್ಮಿನ ಮೇಲೆ ಬೆಳಕಿನಲ್ಲಿ ಬರೆಯುತ್ತದೆ. ಹಾಳೆಯೊಂದಕ್ಕೆ ಹೆಚ್ಚುಕಡಿಮೆ ಮಸಾಲೆ ದೋಸೆಯ ದುಡ್ಡು. ಮೂಡಿದ ಕಾರ್ಡನ್ನು ಮಲ್ಲಿಗೆ ದಂಡೆಯ ಪಕ್ಕ ಓರೆಯಾಗಿಟ್ಟು, ಅದೇ ಫೋನಿನಿಂದ ಮತ್ತೆ 5 ಕೋಟಿಗೆ ಏರಿಸಿ ಸ್ಟೇಟಸ್‌ಗೆ ಹಾಕಿ. ‘ಒಂದೇ ಪ್ರತಿ, ನಕಲಿಲ್ಲ’ ಎಂಬುದು ಈ ಫಿಲ್ಮಿನ ಹೆಗ್ಗಳಿಕೆ. ಆ ಮಾತನ್ನೂ ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡಿ.

ಇವೆಲ್ಲದರ ನಡುವೆ ಹಳ್ಳಿಯಿಂದ ಬಂದ ಅಜ್ಜಿ ಮೊಮ್ಮಗಳೊಂದಿಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಕಾರ್ಡನ್ನು ಅಲ್ಲಾಡಿಸದೆ ಎಲೆಯಡಿಕೆ ಸಂಚಿಗೆ ಸೇರಿಸಿ ಊಟಕ್ಕೆ ಹೊರಡುತ್ತಾರೆ. ಮೇಜಿನ ಹುಡುಗ ಹಿಂದೆಯೇ ಓಡುತ್ತಾನೆ: “ಅಜ್ಜೀ, ಅದು ನಿಮಗಲ್ಲ, ಆಲ್ಬಂಗೆ!”