ರದ್ದಾದ ಟಿಕೆಟ್ಟಿನ ಹಣಕ್ಕೆ ಗಡುವು ವಿಧಿಸುವವರು ಯಾರು?

ವಿಮಾನ ರದ್ದಾದಾಗ ಟಿಕೆಟ್ಟಿನ ಹಣವನ್ನು ಹಿಂದಿರುಗಿಸುವ ಬದಲು ‘ಕ್ರೆಡಿಟ್ ಶೆಲ್’ನಲ್ಲಿ, ಅಂದರೆ ಮುಂದಿನ ಟಿಕೆಟ್ಟಿಗೆ ಬಳಸಬಹುದಾದ ಜಮೆಯಾಗಿ ವಿಮಾನಯಾನ ಸಂಸ್ಥೆಯಲ್ಲೇ ಇರಿಸಿ, ಅದನ್ನು ಇಂಥ ದಿನದೊಳಗೆ ಬಳಸಿ ಎಂದು ಹೇಳುವ ಪರಿಪಾಠವನ್ನು ನಾವು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವು ಹೇಳುವುದೇ ಬೇರೆ: ಹಣವನ್ನು ಕ್ರೆಡಿಟ್ ಶೆಲ್‌ನಲ್ಲಿ ಇಡಬೇಕೇ ಬೇಡವೇ ಎಂಬುದು ಪ್ರಯಾಣಿಕರ ಆಯ್ಕೆಯೇ ಹೊರತು ಸಂಸ್ಥೆಯು ತಾನಾಗಿ ಅನುಸರಿಸಬಹುದಾದ ರೂಢಿಯಲ್ಲ.

ಕೋವಿಡ್ ಲಾಕ್‌ಡೌನ್ ಕಾಲದ ಟಿಕೆಟ್‌ಗಳ ಬಗ್ಗೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ನೀಡಿದ ತೀರ್ಪನ್ನು ಇಲ್ಲಿ ನೆನೆಯಬೇಕು. ಆರ್ಥಿಕ ಸಂಕಷ್ಟದಿಂದ ಕೂಡಲೇ ಹಣ ಕೊಡಲಾಗದ ಸಂಸ್ಥೆಗಳಿಗೆ ಕ್ರೆಡಿಟ್ ಶೆಲ್ ನೀಡಲು ನ್ಯಾಯಾಲಯವು ಅವಕಾಶ ಕೊಟ್ಟಿತು. ಆದರೆ ಅದರ ಮೌಲ್ಯವು 2020ರ ಜೂನ್ 30ರವರೆಗೆ ತಿಂಗಳಿಗೆ ಶೇ 0.5ರಂತೆ, ಅನಂತರ ಶೇ 0.75ರಂತೆ ಹೆಚ್ಚಬೇಕು, ಯಾವ ಮಾರ್ಗಕ್ಕಾದರೂ ಬಳಸಲು, ಬೇರೆಯವರಿಗೆ ವರ್ಗಾಯಿಸಲು ಸಾಧ್ಯವಿರಬೇಕು, 2021ರ ಮಾರ್ಚ್ 31ರೊಳಗೆ ಬಳಕೆಯಾಗದಿದ್ದರೆ ಹಣವನ್ನೇ ಮರಳಿಸಬೇಕು ಎಂದಿತು. ಗಡುವು ಮುಗಿದಾಗ ಹಣ ಮುಳುಗುವುದಿಲ್ಲ, ಒಡೆಯನಿಗೆ ಹಿಂದಿರುಗುತ್ತದೆ ಎಂಬ ಈ ತತ್ತ್ವವು ಒಂದು ವಿಪತ್ತಿನ ಕಾಲಕ್ಕೆ ಮೀಸಲಾಗದೆ ಶಾಶ್ವತ ನಿಯಮವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಏಕೆಂದರೆ ಕ್ರೆಡಿಟ್ ಎನ್ನುವುದು ನಾವು ಸಂಸ್ಥೆಗೆ ಕೊಡುವ ಬಡ್ಡಿಯಿಲ್ಲದ ಕೈಸಾಲ. ಗೋ ಫಸ್ಟ್ ವಿಮಾನಯಾನ ಸಂಸ್ಥೆಯು 2023ರ ಮೇ 3ರಂದು ಹಾರಾಟ ನಿಲ್ಲಿಸಿ ದಿವಾಳಿ ಪ್ರಕ್ರಿಯೆಗೆ ಹೋದಾಗ, ಟಿಕೆಟ್ಟಿಗೆ ಹಣ ಕೊಟ್ಟಿದ್ದ ಪ್ರಯಾಣಿಕರು ಸಂಸ್ಥೆಗೆ ಸಾಲ ಕೊಟ್ಟಿದ್ದ ಬ್ಯಾಂಕುಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಯಿತು.

ಈಗಾಗಲೇ ಕ್ರೆಡಿಟ್ ಪಡೆದಿರುವವರು ಮೊದಲು ನೋಡಬೇಕಾದದ್ದು, ಗಡುವಿನ ದಿನಾಂಕದೊಳಗೆ ಟಿಕೆಟ್ ಕಾಯ್ದಿರಿಸಿದರೆ ಸಾಕೇ ಅಥವಾ ಪ್ರಯಾಣವೂ ಮುಗಿಯಬೇಕೇ ಎಂಬುದನ್ನು. ಮೊದಲನೆಯದಾದರೆ ಕೊನೆಯ ವಾರದಲ್ಲಿಯೂ ಮುಂದಿನ ತಿಂಗಳುಗಳ ಟಿಕೆಟ್ ಪಡೆಯಬಹುದು. ಆದರೆ ಹಾಗೆ ಪಡೆದ ಟಿಕೆಟ್ಟನ್ನು ಮತ್ತೆ ರದ್ದುಮಾಡಿದರೆ ಹೊಸ ಅವಧಿ ದೊರೆಯುತ್ತದೆಂದು ನಂಬಬಾರದು. ಹಳೆಯ ಗಡುವೇ ಮುಂದುವರಿಯುವ ಸಂಭವವಿದೆ. ಅವಧಿ ವಿಸ್ತರಣೆಯ ಕೋರಿಕೆಯನ್ನು ಗಡುವಿಗೆ ಮುನ್ನವೇ, ಪಿಎನ್‌ಆರ್ ಸಂಖ್ಯೆಯನ್ನು ನಮೂದಿಸಿ ಇ-ಮೇಲ್‌ನಲ್ಲಿ ಕಳುಹಿಸಬೇಕು. ಫೋನಿನಲ್ಲಿ ದೊರೆತ ಭರವಸೆಗೆ ದಾಖಲೆ ಉಳಿಯುವುದಿಲ್ಲ. ರದ್ದುಮಾಡಿದ್ದು ಸಂಸ್ಥೆಯೇ ಆಗಿದ್ದು, ಕ್ರೆಡಿಟ್ಟಿಗೆ ನೀವು ಒಪ್ಪಿಗೆ ಕೊಟ್ಟಿರದಿದ್ದರೆ, ವಿಸ್ತರಣೆಯನ್ನಲ್ಲ, ಪೂರ್ಣ ಮರುಪಾವತಿಯನ್ನೇ ಕೇಳಿ. ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ಅದೇ ಇ-ಮೇಲ್ ಲಗತ್ತಿಸಿ ದೂರು ದಾಖಲಿಸಿ. ಏಜೆಂಟರ ಮೂಲಕ ಕೊಂಡ ಟಿಕೆಟ್ಟಾದರೂ ಮರುಪಾವತಿಯ ಹೊಣೆ ವಿಮಾನಯಾನ ಸಂಸ್ಥೆಯದೇ ಎಂದು ಮಹಾನಿರ್ದೇಶನಾಲಯದ ಅದೇ ನಿಯಮ ಹೇಳುತ್ತದೆ.