ಟವರ್ ಇದೆ, ನೆಟ್‌ವರ್ಕ್ ಇಲ್ಲ

ಈಗಷ್ಟೇ ಸೊಸೈಟಿಯಿಂದ ಬಂದೆ. ಅಕ್ಕಿ ಚೀಲ ಇನ್ನೂ ಜಗಲಿಯಲ್ಲೇ ಇದೆ. ಮೊದಲು ಇದನ್ನು ಬರೆಯದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ.

ಇವತ್ತು ರೇಷನ್ ಕೊಡುವ ದಿನ. ಒಂಬತ್ತೂವರೆಗೆ ಹೋದಾಗಲೇ ಮೂವತ್ತು ಜನ ಕೂತಿದ್ದರು. ಹೆಬ್ಬೆಟ್ಟು ಒತ್ತುವ ಮಷಿನ್‌ನಲ್ಲಿ ಚಕ್ರ ಸುತ್ತುತ್ತಾ ಇತ್ತು, ನಿಲ್ಲುತ್ತಾ ಇತ್ತು. ಹನ್ನೊಂದು ಗಂಟೆಗೆ ಸೊಸೈಟಿಯ ಹುಡುಗ ಮಷಿನ್ ಎತ್ತಿಕೊಂಡು ಹಿಂದಿನ ಬ್ಯಾಣದ ಗುಡ್ಡ ಹತ್ತಿದ. ಅವನ ಹಿಂದೆ ನಾವೆಲ್ಲ. ಮಳೆ ಬಿದ್ದು ದಾರಿ ಜಾರುತ್ತಿತ್ತು. ನಮ್ಮ ಕೆಳಮನೆ ಅಜ್ಜಿಗೆ ಎಂಬತ್ತರ ಹತ್ತಿರ. ಒಂದು ಕೈ ನಾನು, ಇನ್ನೊಂದು ಕೈ ಅವರ ಮೊಮ್ಮಗಳು ಹಿಡಿದು ಹತ್ತಿಸಿದೆವು.

ನೆತ್ತಿಯಲ್ಲಿ ಒಂದು ನೇರಳೆ ಮರ, ಬುಡದಲ್ಲಿ ಒಂದು ಚಪ್ಪಟೆ ಕಲ್ಲು. ಆ ಕಲ್ಲಿನ ಮೇಲೆ ಇಟ್ಟರೆ ಸಿಗ್ನಲ್ ಸಿಗುತ್ತದೆ. ಒಂದು ಮಾರು ಈಚೆ ಇಟ್ಟರೆ ಇಲ್ಲ. ಅಜ್ಜಿ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಒತ್ತಿದರು. ಆಗಲಿಲ್ಲ. ಇನ್ನೊಮ್ಮೆ ಒರೆಸಿದರು, ಒತ್ತಿದರು. ಐದು ಸಲ. ಪ್ರತಿ ಸಲವೂ ಮಷಿನ್ ಬೆರಳಿನ ಗುರುತು ಕಳಿಸುತ್ತಿತ್ತು, ಉತ್ತರ ಬರುವ ಮೊದಲೇ ಸಂಪರ್ಕ ಕಡಿಯುತ್ತಿತ್ತು. ಆಗ ಅಜ್ಜಿ ನನ್ನ ಮುಖ ನೋಡಿ ಕೇಳಿದರು: "ನನ್ನ ಬೆರಳೇ ಸರಿ ಇಲ್ವೇನೋ ತಂಗಿ?"

ಅಲ್ಲಿಂದ ನನಗೆ ಸಿಟ್ಟು ಇಳಿದಿಲ್ಲ.

ಬೆರಳು ಸರಿಯಾಗಿದೆ. ಕಾರ್ಡ್ ಸರಿಯಾಗಿದೆ. ಗೋಡೌನ್‌ನಲ್ಲಿ ಅಕ್ಕಿ ಇದೆ. ಟವರ್ ಕೂಡ ಇದೆ! ನಮ್ಮ ಅಂಗಳದಲ್ಲಿ ನಿಂತರೆ ಎದುರಿನ ಗುಡ್ಡದ ಮೇಲೆ ಕಾಣುತ್ತದೆ. ಫೋನಿನಲ್ಲಿ 4ಜಿ ಅಂತ ಬರುತ್ತದೆ, ಎರಡು ಕಡ್ಡಿಯೂ ಇರುತ್ತದೆ. ಊರಿಗೆ ಬಂದ ಹೊಸದರಲ್ಲಿ ಆ ಎರಡು ಕಡ್ಡಿ ನೋಡಿ ನನ್ನ ಫೋನೇ ಕೆಟ್ಟಿದೆ ಅಂದುಕೊಂಡಿದ್ದೆ. ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಕಡ್ಡಿ ತೋರಿಸುವುದು ನಮ್ಮ ಫೋನಿಗೂ ಟವರಿಗೂ ನಡುವಿನ ಸಿಗ್ನಲ್ ಮಾತ್ರ. ಟವರಿನಿಂದ ಮುಂದಿನ ದಾರಿ ಬೇರೆ. ಪೇಟೆಯ ಟವರುಗಳಿಗೆ ಹೆಚ್ಚಾಗಿ ಫೈಬರ್ ಕೇಬಲ್ ಬಂದಿರುತ್ತದೆ. ನಮ್ಮದಕ್ಕೆ ಗುಡ್ಡದಿಂದ ಗುಡ್ಡಕ್ಕೆ ಸಿಗ್ನಲ್ ದಾಟಿಸುವ ಒಂದು ಡಿಶ್. ಸುತ್ತಲಿನ ಏಳೆಂಟು ಊರುಗಳ ಫೋನುಗಳೆಲ್ಲ ಅದೇ ಸಣ್ಣ ದಾರಿಯಲ್ಲಿ ನುಗ್ಗಬೇಕು. ಸಂಜೆ ಏಳಕ್ಕೆ ಎಲ್ಲರೂ ಫೋನ್ ಹಿಡಿದರೆ ಯಾರಿಗೂ ಏನೂ ತೆರೆಯುವುದಿಲ್ಲ. ಕರೆಂಟ್ ಹೋದರೆ ಟವರಿನ ಬ್ಯಾಟರಿ ಒಂದೆರಡು ಗಂಟೆ. ಜನರೇಟರ್‌ಗೆ ಡೀಸೆಲ್ ಹಾಕುವವರು ಬರುವುದು ಯಾವಾಗಲೋ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೆ ರೀಚಾರ್ಜ್ ದುಡ್ಡು? ಬೆಂಗಳೂರಿನಲ್ಲಿರುವ ನನ್ನ ತಮ್ಮ ಕೊಡುವಷ್ಟೇ. ಒಂದು ರೂಪಾಯಿ ಕಮ್ಮಿ ಇಲ್ಲ. 2024ರ ಜುಲೈನಲ್ಲಿ ದರ ಏರಿಸಿದಾಗ ನಮಗೂ ಏರಿತು. ದಿನಕ್ಕೆ ಒಂದೂವರೆ ಜಿಬಿ ಅಂತ ಕೊಡುತ್ತಾರೆ. ರಾತ್ರಿ ಹನ್ನೆರಡಕ್ಕೆ ನೋಡಿದರೆ ನೂರು ಎಂಬಿಯೂ ಖರ್ಚಾಗಿರುವುದಿಲ್ಲ. ಉಳಿದದ್ದು ಅಲ್ಲಿಗೇ ಹೋಯಿತು. ಹೊಟೇಲಿನವನು ಪೂರ್ತಿ ಊಟದ ದುಡ್ಡು ತೆಗೆದುಕೊಂಡು ಎರಡು ತುತ್ತು ಬಡಿಸಿ ಎಲೆ ಎತ್ತಿದರೆ ನಾವು ಸುಮ್ನೆ ಎದ್ದು ಬರುತ್ತೇವಾ?

ನನ್ನ ಕೆಲಸ ನಿಮಗೆ ಗೊತ್ತಲ್ವಾ. ಸುತ್ತಲಿನ ಸಣ್ಣ ಅಂಗಡಿಗಳ ಲೆಕ್ಕ ನೋಡುತ್ತೇನೆ, ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ. ತಿಂಗಳ 20ನೇ ತಾರೀಕು ಬಂತೆಂದರೆ ಎದೆ ಹೊಡೆದುಕೊಳ್ಳುತ್ತದೆ. ಪೇಜ್ ತೆರೆಯಬೇಕು, ಒಟಿಪಿ ಹೋಗಬೇಕು, ಅದು ಅಂಗಡಿಯವರ ಫೋನಿಗೆ ಬರಬೇಕು, ಅವರು ನನಗೆ ಫೋನ್ ಮಾಡಿ ಹೇಳಬೇಕು. ಅಷ್ಟು ಹೊತ್ತಿಗೆ ಅವಧಿ ಮುಗಿದಿರುತ್ತದೆ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಎಷ್ಟೋ ಸಲ ಅದನ್ನು ನನ್ನ ಕೈಯಿಂದ ಕಟ್ಟಿದ್ದೇನೆ, ಅವರ ಹತ್ತಿರ ಕೇಳಲು ಮನಸ್ಸು ಬರುವುದಿಲ್ಲ. ಹಾಗಾಗಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂರುತ್ತೇನೆ. ಆಗ ಊರು ಮಲಗಿರುತ್ತದೆ, ಪೇಜ್ ಸರಾಗ ತೆರೆಯುತ್ತದೆ. ಫೋನನ್ನು ಮಾಳಿಗೆ ಕಿಟಕಿಯ ಸರಳಿಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ, ಹಾಟ್‌ಸ್ಪಾಟ್ ಹಾಕಿ, ಕೆಳಗೆ ಲ್ಯಾಪ್‌ಟಾಪ್ ಇಡುತ್ತೇನೆ. ವಾಟ್ಸಾಪ್‌ನಲ್ಲಿ ಫೋಟೋ, ವಿಡಿಯೋ ತಾವಾಗೇ ಇಳಿಯದಂತೆ ಮಾಡಿದ್ದೇನೆ. ನೀವು ಕಳಿಸಿದ ಮದುವೆ ಫೋಟೋಗೆ ನಾಲ್ಕು ದಿನ ಬಿಟ್ಟು ಉತ್ತರ ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಮನೆಗೇ ಫೈಬರ್ ಹಾಕಿಸು ಅನ್ನುತ್ತೀರಿ. ಮೇಲಿನ ಕೇರಿವರೆಗೆ ಬಂದಿದೆ. ಕರೆಂಟ್ ಕಂಬದಿಂದ ಮರಕ್ಕೆ, ಮರದಿಂದ ಕಂಬಕ್ಕೆ ಎಳೆದಿದ್ದಾರೆ. ಜೂನ್‌ನಲ್ಲಿ ಒಂದು ಕೊಂಬೆ ಬಿದ್ದರೆ ಒಂದು ವಾರ ನೆಟ್ ಇಲ್ಲ.

ಹೋದ ಸಲ ಇದೇ ವಿಷಯ ಬರೆದಾಗ ಸ್ನೇಹಿತರೊಬ್ಬರು ಹೇಳಿದ್ದರು: ಹತ್ತು ಮನೆಗೆ ಒಂದು ಟವರ್ ಹಾಕಿದರೆ ಕಂಪನಿಗೆ ಏನು ಗಿಟ್ಟುತ್ತದೆ, ಕಾಡಿನ ನಡುವೆ ಇರುವವರು ಸ್ವಲ್ಪ ಸಹಿಸಿಕೊಳ್ಳಬೇಕು ಅಂತ. ಗಿಟ್ಟುವುದಿಲ್ಲ ಅನ್ನುವುದು ನಿಜ. ಅದು ಸರ್ಕಾರಕ್ಕೂ ಗೊತ್ತಿತ್ತು. ಅದಕ್ಕೇ 2002ರಿಂದ ಯೂನಿವರ್ಸಲ್ ಸರ್ವಿಸ್ ಆಬ್ಲಿಗೇಷನ್ ಫಂಡ್ (ಎಲ್ಲ ಊರಿಗೂ ಫೋನ್ ಸೇವೆ ಮುಟ್ಟಿಸುವ ನಿಧಿ) ಅಂತ ಮಾಡಿ, ಕಂಪನಿಗಳ ಆದಾಯದಲ್ಲಿ ನೂರಕ್ಕೆ ಐದು ಭಾಗ ತೆಗೆದಿಟ್ಟಿದ್ದು. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಆ ಐದು ಭಾಗ ಬರುವುದು ನಮ್ಮ ರೀಚಾರ್ಜ್‌ನಿಂದಲೇ, ಅಜ್ಜಿಯ ರೀಚಾರ್ಜ್‌ನಿಂದಲೂ. 2022ರ ಜುಲೈನಲ್ಲಿ ದೇಶದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟರು. ಸಂತೋಷ. ಆದರೆ ಅದು ನೆಟ್‌ವರ್ಕೇ ಇಲ್ಲದ ಊರುಗಳಿಗೆ. ನಮ್ಮಲ್ಲಿ ಟವರ್ ಇದೆಯಲ್ಲ, ಲೆಕ್ಕದಲ್ಲಿ ನಾವು ನೆಟ್‌ವರ್ಕ್ ಇರುವವರು.

ಪರಿಹಾರದ ನಿಯಮವೂ ಹಾಗೆಯೇ. 2024ರಲ್ಲಿ, ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್ ಒಂದು ಒಳ್ಳೆಯ ನಿಯಮ ತಂದಿತು. ಜಿಲ್ಲಾ ಮಟ್ಟದಲ್ಲಿ ನೆಟ್‌ವರ್ಕ್ 24 ಗಂಟೆಗಿಂತ ಜಾಸ್ತಿ ಹೊತ್ತು ಕಡಿದರೆ ಪ್ರೀಪೇಯ್ಡ್‌ನವರಿಗೆ ಅಷ್ಟು ದಿನ ವ್ಯಾಲಿಡಿಟಿ ಮುಂದಕ್ಕೆ ಹಾಕಬೇಕು. ಜಿಲ್ಲಾ ಮಟ್ಟದಲ್ಲಿ! ನಮ್ಮ ಗುಡ್ಡದ ಟವರ್ ಐದು ದಿನ ಸತ್ತು ಬಿದ್ದರೂ ಶಿವಮೊಗ್ಗ ಪೇಟೆಯಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ.

ಸಹಿಸಿಕೊಳ್ಳಿ ಅನ್ನುವವರಿಗೆ ಇನ್ನೊಂದು ಮಾತು. ನಾವು ಲಿಂಗನಮಕ್ಕಿ ಹಿನ್ನೀರಿನವರು. 1964ರಲ್ಲಿ ಅಣೆಕಟ್ಟು ಮುಗಿದು ನೀರು ಏರಿದಾಗ ನಮ್ಮ ಅಜ್ಜನ ಗದ್ದೆ, ತೋಟ, ಮನೆ ಎಲ್ಲ ಒಳಗೆ ಹೋಯಿತು. ರಾಜ್ಯಕ್ಕೆ ಕರೆಂಟ್ ಬೇಕಿತ್ತು, ಕೊಟ್ಟೆವು. ಇವತ್ತು ಕರೆಂಟ್ ಇಲ್ಲದೆ ನಮ್ಮ ಟವರ್ ಆರುತ್ತದೆ. ನಾವು ಸಹಿಸಿದ್ದು ಸಾಲದಾ?

ಇದನ್ನು ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಹೋದ ಜೂನ್‌ನಲ್ಲಿ ರಾತ್ರಿ ಅಪ್ಪನಿಗೆ ಉಸಿರು ಕಟ್ಟಿತು. ನಮ್ಮ ಟವರಿನಲ್ಲಿ ಈಗ ಕರೆಯೂ 4ಜಿ ಮೇಲೆಯೇ ಹೋಗುವುದು. ಡೇಟಾ ಸತ್ತರೆ ಮಾತೂ ಸಾಯುತ್ತದೆ. ಪಕ್ಕದೂರಿನ ಜೀಪಿನವರಿಗೆ ಹನ್ನೊಂದು ಸಲ ಒತ್ತಿದೆ, ರಿಂಗ್ ಆಗಲಿಲ್ಲ. ಅಪ್ಪನನ್ನು ಅಮ್ಮನ ಹತ್ತಿರ ಬಿಟ್ಟು, ಟಾರ್ಚ್ ಹಿಡಿದು, ಆ ನೇರಳೆ ಮರದ ಬುಡಕ್ಕೆ ಓಡಿದೆ. ಕಲ್ಲಿನ ಮೇಲೆ ಫೋನ್ ಇಟ್ಟು ಸ್ಪೀಕರ್ ಹಾಕಿ, ಮಳೆಯಲ್ಲಿ ಮಂಡಿಯೂರಿ ಕೂಗಿದೆ. ಅಪ್ಪ ಉಳಿದರು. ಆದರೆ ವಾಪಸ್ ಇಳಿದು ಬರುವಾಗ ಒಂದೊಂದು ಹೆಜ್ಜೆಗೂ ಮನೆಯಿಂದ ಅಳು ಕೇಳುತ್ತದೇನೋ ಅಂತ ಕಿವಿಗೊಟ್ಟಿದ್ದು ನನ್ನಿಂದ ಮರೆಯಲು ಆಗಿಲ್ಲ.

ರೇಷನ್, ಪಿಂಚಣಿ, ಬ್ಯಾಂಕು, ಬೆಳೆ ಸಮೀಕ್ಷೆ ಎಲ್ಲ ಫೋನಿಗೆ ಬಂತು. ನರೇಗಾದವರ ಹಾಜರಿ ಕೂಡ 2023ರ ಜನವರಿಯಲ್ಲಿ ಆ್ಯಪ್‌ಗೆ ಹೋಯಿತು. ಇಷ್ಟನ್ನೂ ಕಡ್ಡಾಯ ಮಾಡುವ ಮೊದಲು ಇಲ್ಲಿ ಬಂದು ಒಂದು ಸಲ ಆ ಪೇಜ್ ತೆರೆದು ನೋಡಬೇಕಿತ್ತು ಅಲ್ವಾ? 2021ರಲ್ಲಿ ನಮ್ಮ ಕಡೆಯ ಹಳ್ಳಿಯವರು "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಬೋರ್ಡ್ ಹಿಡಿದರು. ಆಗ ಮಕ್ಕಳ ಆನ್‌ಲೈನ್ ಕ್ಲಾಸ್ ಇತ್ತು, ಪೇಪರ್‌ನವರೂ ಬರೆದರು. ಶಾಲೆ ತೆರೆಯಿತು, ಎಲ್ಲರೂ ಮರೆತರು.

ನಾನು ಮರೆಯುವುದಿಲ್ಲ. ಜೂನ್ ಒಂದರಿಂದ ಟವರ್ ಎಷ್ಟು ಗಂಟೆಗೆ ಹೋಯಿತು, ಎಷ್ಟು ಗಂಟೆಗೆ ಬಂತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಬಂದಿದ್ದೇನೆ. ಕಂಪನಿಗೆ ಕೊಟ್ಟ ದೂರಿನ ನಂಬರುಗಳೂ ಅದರಲ್ಲಿವೆ. ಸೋಮವಾರ ಪಂಚಾಯ್ತಿಗೆ, ಅಲ್ಲಿಂದ ಡಿಸಿ ಆಫೀಸಿಗೆ ಅರ್ಜಿ ಕೊಡುತ್ತೇವೆ. ಅಕ್ಕಪಕ್ಕದ ಊರಿನವರು ಭಾನುವಾರ ಸಂಜೆಯೊಳಗೆ ನಮ್ಮನೆಗೆ ಬಂದು ಸಹಿ ಹಾಕಿ. ನಿಮ್ಮ ಊರಿನ ತಾರೀಕು, ಗಂಟೆ ಬರೆದು ತನ್ನಿ.

ಅಜ್ಜಿಗೆ ಅಕ್ಕಿ ಸಿಕ್ಕಿದ್ದು ಎರಡೂವರೆಗೆ. ಬರುವಾಗ ಸೊಸೈಟಿಯಲ್ಲೇ ಅರ್ಜಿಯ ಕಾಗದ ತೆಗೆದೆ, ಅಲ್ಲಿದ್ದ ಇಂಕ್ ಪ್ಯಾಡ್ ಕೇಳಿ ಇಸಿದುಕೊಂಡೆ. ಮೊದಲ ಗುರುತು ಅವರದ್ದೇ. ಒಂದೇ ಸಲಕ್ಕೆ ಗೆರೆ ಗೆರೆಯೂ ಮೂಡಿತು. "ನೋಡಿ ಅಜ್ಜಿ, ಬೆರಳು ಸರಿಯಾಗಿದೆ" ಅಂದೆ.