ಮೇಡಂ, ಕೇಳಸ್ತದೇನ್ರಿ?

ಯಾದಗಿರಿ ಕಡೆ ಗಂಟಲು ಕೆಟ್ಟವರಿಗೆ ಇನ್ನು ಚಿಂತೆಯಿಲ್ಲ, ಮೊಬೈಲಿನಲ್ಲೇ ವಾಕ್ ಚಿಕಿತ್ಸೆ ಬಂದಿದೆ. ಉದ್ಘಾಟನೆಗೆ ಬಂದ ಸಾಹೇಬರು ಮೈಕ್ ಹಿಡಿದು ಗಂಟಲು ಕೂರುವ ತನಕ ಮಾತಾಡಿ ಬಟನ್ ಒತ್ತಿದರು. ಪರದೆ ಮೇಲೆ ಚಕ್ರ ತಿರುಗತೊಡಗಿತು. ಅದು ನಿಲ್ಲುವ ಮೊದಲೇ ಊಟಕ್ಕೆ ಕರೆ ಬಂತು.

ಮೊದಲ ಫಲಾನುಭವಿ ಒಬ್ಬ ಮಾಸ್ತರು. ಒಂದೇ ಕೋಣೆಯಲ್ಲಿ ಮೂರು ತರಗತಿ ಕೂಡಿಸಿಕೊಂಡು ಒದರಿ ಒದರಿ ಧ್ವನಿತಂತುಗಳ ಮೇಲೆ ಗಂಟು ಬೆಳೆಸಿಕೊಂಡವರು. ಇಂಥವರಿಗೆ ಮೊದಲ ಪಥ್ಯ ಇಷ್ಟೇ: ಕೂಗಬೇಡಿ, ಪಿಸುಗುಟ್ಟಲೂ ಬೇಡಿ, ನೀರು ಕುಡಿಯಿರಿ. ಮನೆಯೊಳಗೆ ಸಿಗ್ನಲ್ ಇಲ್ಲ. ಮೇ ತಿಂಗಳ ಬಿಸಿಲಲ್ಲಿ ಮಾಳಗಿ ಹತ್ತಿ, ಮೊಬೈಲಿನ ಆ ಕಡೆ ಕೂತ ವಾಕ್ ಚಿಕಿತ್ಸಕಿಗೆ ಕೂಗಿದರು.

“ಮೇಡಂ, ಕೇಳಸ್ತದೇನ್ರಿ?”

“ನಿಮ್ಮ ಧ್ವನಿ ಬರ್ತಾ ಇಲ್ಲ.”

“ಅದೇ ರೋಗ ಅದರೀ ಮೇಡಂ!”

ಉಸಿರಿರುವಷ್ಟು ಹೊತ್ತು ‘ಆ’ ಎಂದು ಎಳೆಯಲು ಮೇಡಂ ಹೇಳಿದರು. ಆ್ಯಪಿನ ಜಾಣತನಕ್ಕೆ ಒಂದೇ ಸಮ ಬರುವ ಸದ್ದೆಲ್ಲ ಫ್ಯಾನು. ಫ್ಯಾನಿನ ಸದ್ದು ಅಳಿಸುವುದು ಅದರ ಧರ್ಮ. ಮಾಸ್ತರ ‘ಆ’ ಅಳಿಸಿಹೋಯಿತು. ಪಕ್ಕದ ಮನೆ ಆಡು ಬಿಟ್ಟು ಬಿಟ್ಟು ಕೂಗಿದ್ದರಿಂದ ಅದನ್ನು ಮಾತೆಂದು ತಿಳಿದು ಭದ್ರವಾಗಿ ಮುಟ್ಟಿಸಿತು. “ಈಗ ಚೆನ್ನಾಗಿ ಬರ್ತಿದೆ, ಮುಂದುವರಿಸಿ.” ಧ್ವನಿಯ ವ್ಯಾಯಾಮವೆಂದು ಮಾಸ್ತರು ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು ‘ಊ’ ಎನ್ನುತ್ತ ಗುಳ್ಳೆ ಎಬ್ಬಿಸಿದರು, ಅದನ್ನೂ ಆ್ಯಪು ನುಂಗಿತು. ದನಿಯ ಏರಿಳಿತ ಅಳೆಯೋಣವೆಂದರೆ ಅದು ಸಣ್ಣ ದನಿಯನ್ನು ಎತ್ತಿ, ದೊಡ್ಡದನ್ನು ತಗ್ಗಿಸಿ ಎಲ್ಲ ಒಂದೇ ಮಾಡುತ್ತದೆ. 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಬಯಸಿದ ಸಮಾನತೆ ಕೊನೆಗೂ ಬಂತು ನೋಡಿ, ಆ್ಯಪಿನೊಳಗೆ.

ದೂರಚಿಕಿತ್ಸೆಯೇ ಸುಳ್ಳೆಂದು ನಾನು ಹೇಳುತ್ತಿಲ್ಲ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನಲ್ಲಿ. ಒಂದು ‘ಆ’ ಎನ್ನಲು ರಾಜ್ಯದ ಆ ತುದಿಗೆ ಹೋಗಿಬರಲು ಯಾವ ಮಾಸ್ತರಿಗೆ ರಜೆ ಸಿಕ್ಕೀತು? ಸದ್ದು ಸೋಸುವುದನ್ನು ನಿಲ್ಲಿಸಿ ಮೂಲ ಧ್ವನಿಯನ್ನೇ ಕಳಿಸುವ ಗುಂಡಿಯೂ ಕೆಲವು ಆ್ಯಪುಗಳಲ್ಲಿದೆ. ಒತ್ತಿದರೆ ಅರ್ಧ ತಾಪತ್ರಯ ಮುಗಿಯಿತು. ಆ ಗುಂಡಿ ಎಲ್ಲಿದೆಯೆಂದು ತೋರಿಸಲು ಸಿಬ್ಬಂದಿಗೆ ತರಬೇತಿಯನ್ನೂ ಇಟ್ಟಿದ್ದರು. ಆನ್‌ಲೈನಿನಲ್ಲಿ.

ಸಂಜೆ ಕಂಪ್ಯೂಟರಿನ ಫೋನು ಬಂತು: “ನಿಮ್ಮ ಧ್ವನಿ ಸುಧಾರಿಸಿದೆಯೇ? ಬೀಪ್ ಆದ ಮೇಲೆ ಹೌದು ಅಥವಾ ಇಲ್ಲ ಎಂದು ಗಟ್ಟಿಯಾಗಿ ಹೇಳಿ.”

ಮಾಸ್ತರ ಬಾಯಿಂದ ಗಾಳಿ ಬಿಟ್ಟರೆ ಏನೂ ಹೊರಡಲಿಲ್ಲ. ಆಡು ಕೂಗಿತು.

“ಹೌದು ಎಂದು ದಾಖಲಾಗಿದೆ. ಧನ್ಯವಾದಗಳು.”